ಪೇಟ ಕಟ್ಟಿಕೊಂಡು ಕವಾಯತು

ನಮ್ಮ ಜನ ನಾಲ್ಕು ಮನೆಯವರು ಸೇರಿದರೆ ಒಂದು ಸಂಘ ಕಟ್ಟುತ್ತಾರೆ. ಸಂಘ ಕಟ್ಟಿದ ಮೇಲೆ ಯಾರಿಗಾದರೂ ಸನ್ಮಾನ ಮಾಡದೆ ಅವರಿಗೆ ಅನ್ನ ಇಳಿಯುವುದಿಲ್ಲ. ಹಾಲೆಂಡಿನಲ್ಲಿ, ಹೂಫ್‌ಡಾರ್ಪ್ ಸುತ್ತಮುತ್ತಲಿನ ಕನ್ನಡದವರು ಮಾಡಿಕೊಂಡಿದ್ದ ಪುಟ್ಟ ಕೂಟದಲ್ಲಿ ಮೊಟ್ಟಮೊದಲು ಶಾಲು ಹೊದಿಸಿಕೊಂಡವನು ನನ್ನ ಮಗ. ಆಗ ಅವನು ಜೈಲಿಂದ ಬಂದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಶಾಲು ಹೊದಿಸಿದವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರ್‌ಗಳೆಲ್ಲ ಕೆಟ್ಟು ಕೂರುತ್ತವಂತೆ, ಅದನ್ನು ಮೊದಲೇ ಸರಿಮಾಡಬೇಕಂತೆ ಎಂದು ಬೆಂಗಳೂರು, ಮೈಸೂರಿನ ಹುಡುಗರು ವಿಮಾನ ನಿಲ್ದಾಣದ ಹತ್ತಿರದ ಕಂಪನಿಗಳಿಗೆ ಬರತೊಡಗಿದ್ದರು. ಎಲ್ಲರೂ ಓದಿದವರು. ಅವರ ನಡುವೆ ನಾನೊಬ್ಬ ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದ್ದೆ. ನಮ್ಮ ಸಾಹುಕಾರರ ಕೈ ಜೋರು. ಗಾಜಿನ ಲೋಟ ಒಡೆದರೆ ಒಂದು ಏಟು, ತಡವಾಗಿ ಎದ್ದರೆ ಒಂದು ಏಟು, ಯಾಕೆ ಅಂತ ಕೇಳಿದರೆ ಎರಡು. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಸರಕು ಹಡಗಿನ ಅಡುಗೆಮನೆ, ಹಡಗು ಇಳಿದು ರಾಟರ್‌ಡ್ಯಾಮಿನ ಒಂದು ಹೋಟೆಲು, ಕೊನೆಗೆ ವಿಮಾನಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆ. ಅಲ್ಲಿ ಒಂದು ಪಾಳಿಗೆ ನಾನೇ ಮೇಸ್ತ್ರಿ. ಏಟು ತಿಂದೇ ಮನುಷ್ಯನಾದೆ ಅಂತ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಕೂಟದ ಯುಗಾದಿಗೂ ದೀಪಾವಳಿಗೂ ಅಡುಗೆ ನಂದೇ. ಇಂಜಿನಿಯರುಗಳು ತಟ್ಟೆ ಹಿಡಿದು ‘ಅಣ್ಣಾ, ಇನ್ನೊಂದು ಸೌಟು’ ಅನ್ನುವಾಗ ನನ್ನ ಆರನೇ ಕ್ಲಾಸು ನನಗೆ ಮರೆತೇ ಹೋಗುತ್ತಿತ್ತು.

ಮಗ ಹತ್ತು ವರ್ಷದವನಿದ್ದಾಗ ಅವನನ್ನೂ ಅವನ ತಾಯಿಯನ್ನೂ ಕರೆಸಿಕೊಂಡಿದ್ದೆ. ಹೆಂಡತಿಗೆ ಲಾಡ್ಜೊಂದರಲ್ಲಿ ರೂಮು ಗುಡಿಸಿ ಹಾಸಿಗೆ ಹಾಸುವ ಕೆಲಸ ಸಿಕ್ಕಿತು. ನಾನೊಂದು ಪಾಳಿ, ಅವಳೊಂದು ಪಾಳಿ. ಹುಡುಗ ಶಾಲೆಯಿಂದ ಬಂದು ತಾನೇ ಬೀಗ ತೆಗೆದು, ತಾನೇ ಅನ್ನ ಬಿಸಿಮಾಡಿಕೊಂಡು ಉಣ್ಣುತ್ತಿದ್ದ. ಎಷ್ಟು ಜವಾಬ್ದಾರಿ ನೋಡು ಅಂತ ಹೇಳಿಕೊಂಡು ತಿರುಗಿದೆ. ಅವನಿಗೆ ಇಬ್ಬರು ಗೆಳೆಯರಿದ್ದರು, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು. ಇಲ್ಲಿಯವರು ಬ್ರೊಮರ್ ಅನ್ನುವ ಸಣ್ಣ ಮೊಪೆಡ್‌ಗಳನ್ನು ಕದ್ದು ಬಿಚ್ಚಿ ಬಿಡಿಭಾಗ ಮಾರುವುದು ಅವರ ಕಸುಬು. ನನ್ನ ಮಗನೂ ಜೊತೆಗಿದ್ದ. ಒಂದು ಸಲ ಪೊಲೀಸರು ಬೈದು ಬಿಟ್ಟರು. ಇನ್ನೊಂದು ಸಲವೂ ಬಿಟ್ಟರು. ಆಮೇಲೆ ಒಂದು ಗಾಡಿ ಅಂಗಡಿಯ ಹಿಂಬಾಗಿಲು ಒಡೆದು ಒಳಗೆ ಹೋದಾಗ ಕಾವಲಿನ ಮುದುಕ ಅಡ್ಡ ಬಂದ. ಗೆಳೆಯರು ಅವನನ್ನು ತಳ್ಳಿದರು. ಮುದುಕನ ಮಣಿಕಟ್ಟು ಮುರಿಯಿತು. ಮಗನಿಗೆ ಆಗ ಹದಿನೆಂಟು ತುಂಬಿತ್ತು. ಶಿಕ್ಷೆ ಆಯಿತು.

ಕೋರ್ಟಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ನ್ಯಾಯಾಧೀಶೆ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದಳು, ಸಾವಿನ ಮನೆಯಲ್ಲಿ ಮಾತಾಡಿಸುವ ಹಾಗೆ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಸ್ವಲ್ಪ ದಿನ ಒಳಗಿದ್ದ ಮೇಲೆ ವಕೀಲ ಒಂದು ದಾರಿ ಹೇಳಿದ. ಮಿಲಿಟರಿ ಥರದ ಒಂದು ಶಿಬಿರ ಇದೆ, ಒಪ್ಪಿ ಸಹಿ ಹಾಕಿದರೆ ಉಳಿದ ಶಿಕ್ಷೆಯನ್ನು ಅಲ್ಲಿ ಕಳೆಯಬಹುದು, ಬೆಳಗಿನ ಜಾವ ಏಳಬೇಕು, ಕವಾಯತು, ಕೆಲಸ, ಮತ್ತೆ ಕವಾಯತು. ನನಗೆ ಹೋದ ಜೀವ ಬಂದ ಹಾಗಾಯಿತು. ನಮ್ಮ ಸಾಹುಕಾರರ ಹೋಟೆಲನ್ನೇ ಈ ಡಚ್ಚರು ಸರ್ಕಾರದ ಖರ್ಚಿನಲ್ಲಿ ನಡೆಸುತ್ತಿದ್ದಾರೆ ಅನ್ನಿಸಿತು.

“ಸಹಿ ಹಾಕು,” ಅಂದೆ ಮಗನಿಗೆ.

“ನನಗೆ ಅಲ್ಲಿಗೆ ಹೋಗೋದು ಇಷ್ಟ ಇಲ್ಲಪ್ಪ.”

“ನಿನ್ನ ಇಷ್ಟ ಯಾವನು ಕೇಳಿದ? ಸಹಿ ಹಾಕು.”

ಹಾಕಿದ.

ಅದರ ಮುಂದಿನ ಹಬ್ಬದ ಅಡುಗೆ ಹೊತ್ತಿಗೆ ಕೂಟದ ಹೆಣ್ಣುಮಗಳೊಬ್ಬಳು ಈರುಳ್ಳಿ ಹೆಚ್ಚುತ್ತಾ ಕೇಳಿದಳು: “ಅಣ್ಣ, ಮಗ ಕಾಣಿಸ್ತಾನೇ ಇಲ್ವಲ್ಲ? ಓದೋಕೆ ಹೋದ್ನಾ?”

ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಸಿಡಿಯುವುದರೊಳಗೆ ಬಾಯಿಂದ ಬಂತು: “ಮಿಲಿಟರಿ ಟ್ರೈನಿಂಗಮ್ಮ.”

“ಇಲ್ಲಿ ಈಗ ಕಂಪಲ್ಸರಿ ನಿಲ್ಸಿಬಿಟ್ರಂತಲ್ಲ?”

“ಇವನು ತಾನಾಗೇ ಸಹಿ ಹಾಕಿ ಹೋಗಿದಾನೆ.”

ಅಲ್ಲಿದ್ದವರೆಲ್ಲ ‘ಓಹೋ’ ಅಂದರು. ಒಬ್ಬ ಹುಡುಗ ತಮಾಷೆ ಮಾಡಿದ: “ಬೆಳಿಗ್ಗೆ ಬ್ರೆಡ್ಡು ಚೀಸು, ಮಧ್ಯಾಹ್ನ ಬ್ರೆಡ್ಡು ಚೀಸು. ಇದನ್ನ ತಿಂದ್ಕೊಂಡು ಯಾವ ಯುದ್ಧ ಗೆಲ್ತಾರೋ ಮಾರಾಯ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂಲೆಯಲ್ಲಿ ಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ತಲೆ ಎತ್ತಲಿಲ್ಲ.

ಒಂದು ಸಲ ಶಿಬಿರಕ್ಕೆ ನೋಡಲು ಬಿಟ್ಟರು. ಪೈನ್ ಮರಗಳ ನಡುವೆ ಉದ್ದುದ್ದ ಕಟ್ಟಡ. ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರು ಮರದ ದಿಮ್ಮಿಯನ್ನು ಹೆಗಲ ಮೇಲಿಟ್ಟುಕೊಂಡು ಒಂದೇ ಹೆಜ್ಜೆಯಲ್ಲಿ ಓಡುತ್ತಿದ್ದರು. ಸೀಟಿ ಊದಿದರೆ ನಿಲ್ಲುತ್ತಿದ್ದರು, ಊದಿದರೆ ಓಡುತ್ತಿದ್ದರು. ಹೆಂಡತಿ ಮಾಡಿ ತಂದಿದ್ದ ಚಕ್ಕುಲಿಯನ್ನು ಗೇಟಿನಲ್ಲೇ ಇರಿಸಿಕೊಂಡರು. ಮಗ ಬಂದ. ತಲೆ ಬೋಳು, ಬೆನ್ನು ನೆಟ್ಟಗೆ. ಅಧಿಕಾರಿ ಕೂರು ಅಂದಮೇಲೆಯೇ ಕೂತ. ಕೇಳಿದ್ದಕ್ಕಷ್ಟೇ ಉತ್ತರ. ನನಗಂತೂ ಖುಷಿಯೋ ಖುಷಿ. ವಾಪಸು ಬರುವಾಗ ರೈಲಿನಲ್ಲಿ ಹೇಳಿದೆ: “ನೋಡಿದ್ಯಾ? ನಾವು ಎಂಟು ವರ್ಷದಲ್ಲಿ ಮಾಡಾಕೆ ಆಗದಿದ್ದನ್ನ ಅವ್ರು ಎರಡು ತಿಂಗಳಲ್ಲಿ ಮಾಡವ್ರೆ.”

ಅವಳು ಕಿಟಕಿಯ ಆಚೆ ನೋಡುತ್ತಾ ಹೇಳಿದಳು: “ಅವ್ನು ನನ್ನ ಮುಖ ನೋಡ್ಲಿಲ್ಲ ಕಣ್ರೀ. ಆ ಸಾಹೇಬನ್ನ ನೋಡ್ಕಂಡೇ ನನ್ನತ್ರ ಮಾತಾಡಿದ.”

ಅವಧಿ ಮುಗಿದು ಮನೆಗೆ ಬಂದ. ಒಂದು ಷರತ್ತಿತ್ತು. ಇನ್ನೊಂದು ತಪ್ಪು ಮಾಡಿದರೆ, ಆ ಹಳೇ ಗೆಳೆಯರ ಜೊತೆ ಸಿಕ್ಕಿಬಿದ್ದರೆ, ಮತ್ತೆ ಒಳಗೆ. ಈ ಸಲ ಶಿಬಿರ ಇಲ್ಲ, ದೊಡ್ಡವರ ಜೈಲು. ವಾರಕ್ಕೊಮ್ಮೆ ಬಂದು ವಿಚಾರಿಸಲು ಸರ್ಕಾರದಿಂದ ಒಬ್ಬ ಹೆಂಗಸನ್ನು ನೇಮಿಸಿದ್ದರು. “ಶಿಬಿರದಿಂದ ಪ್ರಯೋಜನ ಆಯಿತಾ?” ಅಂತ ಅವಳು ಕೇಳಿದಾಗ ನಾನು ಮಗನ ಹಾಸಿಗೆ ತೋರಿಸಿದೆ. ಒಂದು ಸುಕ್ಕಿರಲಿಲ್ಲ. ಹೊದಿಕೆಯ ಮೂಲೆಗಳು ಚೂರಿಯಲ್ಲಿ ಕೊಯ್ದ ಹಾಗಿದ್ದವು.

ಯಾರೂ ಎಬ್ಬಿಸದೆ ಬೆಳಗಿನ ಜಾವ ಏಳುತ್ತಿದ್ದ. ಶೂ ಹಾಕಿಕೊಂಡು ಮಂಚದ ತುದಿಯಲ್ಲಿ ಕೂರುತ್ತಿದ್ದ. ಊಟದ ಮೇಜಿನಿಂದ ಏಳಲಾ ಅಂತ ಕೇಳುತ್ತಿದ್ದ. ನೀರು ಕುಡಿಯಲಾ ಅಂತ ಕೇಳುತ್ತಿದ್ದ. ನಾನು ‘ಹ್ಞೂಂ’ ಅನ್ನುತ್ತಿದ್ದೆ. ಅನ್ನಲು ಹಿತವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೆಲಸದ ಜಾಗದಲ್ಲಿ ನನ್ನ ಕೈಕೆಳಗಿನವರು ಕೂಡ ಅಷ್ಟು ಮಾತು ಕೇಳುತ್ತಿರಲಿಲ್ಲ.

ಒಂದು ಸಂಜೆ ಊಟ ಮಾಡುತ್ತಿದ್ದಾಗ ಕಿಟಕಿಯ ಕೆಳಗಿನಿಂದ ಸೀಟಿ ಕೇಳಿಸಿತು. ಆ ಇಬ್ಬರು ಗೆಳೆಯರ ಹಳೇ ಸೀಟಿ. ಮಗ ತಟ್ಟೆ ಬಿಟ್ಟು ಎದ್ದು, ಬಾಗಿಲಿನ ಅರ್ಧ ದಾರಿಗೆ ಹೋಗಿದ್ದ.

“ಕೂತ್ಕೋ!” ಅಂತ ಗುಡುಗಿದೆ.

ತಿರುಗಿ ಬಂದು ಕೂತ. ಅನ್ನ ಕಲಸಿದ. ನಾನು ಮೀಸೆ ತಿರುವುವುದೊಂದೇ ಬಾಕಿ. ಹೆಂಡತಿ ಪಾತ್ರೆ ತೊಳೆಯುವಾಗ ಮೆಲ್ಲಗೆ ಕೇಳಿದಳು: “ನೀವು ಡ್ಯೂಟಿಗೆ ಹೋದಾಗ ಸೀಟಿ ಹೊಡದ್ರೆ?”

“ನಿಂಗೆ ಯಾವಾಗ್ಲೂ ಕೆಟ್ಟದ್ದೇ ಹೊಳಿತದೆ,” ಅಂದೆ.

ನವೆಂಬರ್ ಹತ್ತಿರ ಬಂದಿತ್ತು. ಕೂಟದ ಅಧ್ಯಕ್ಷ ಮನೆಗೆ ಬಂದ. ಮೈಸೂರಿನ ಹುಡುಗ, ಮಾತು ಸಕ್ಕರೆ. “ಅಣ್ಣ, ನೀವು ಬೇಡ ಅನ್ಬಾರ್ದು. ರಾಜ್ಯೋತ್ಸವಕ್ಕೆ ನಿಮ್ಮ ಮಗನಿಗೆ ಒಂದು ಚಿಕ್ಕ ಸನ್ಮಾನ. ನಾವೆಲ್ಲ ಕೀಬೋರ್ಡ್ ಕುಟ್ಟೋರು. ನಮ್ಮೋರಲ್ಲಿ ಒಬ್ಬನಾದ್ರೂ ಯೂನಿಫಾರ್ಮ್ ಹಾಕಿದಾನಲ್ಲ! ಪೇಟ ಮೈಸೂರಿಂದ ತರ್ಸಿದೀನಿ.”

ಹೆಂಡತಿ ಕಾಫಿ ಲೋಟ ಇಟ್ಟು ನನ್ನನ್ನೇ ನೋಡಿದಳು. ಬೇಡ ಅಂತ ಹೇಳಲು ಅದೇ ಸಮಯ. ಹುಡುಗನಿಗೆ ಸಂಕೋಚ ಅನ್ನಬಹುದಿತ್ತು, ಜ್ವರ ಅನ್ನಬಹುದಿತ್ತು. ಆದರೆ ಬೇಡ ಅನ್ನಲು ನನಗೆ ಮನಸ್ಸೇ ಇರಲಿಲ್ಲ. ಕೋರ್ಟಿನಲ್ಲಿ ಆ ಹೆಂಗಸು ತಲೆಯಾಡಿಸಿದಾಗಿನಿಂದ ನನ್ನ ಕತ್ತು ಬಗ್ಗಿಯೇ ಇತ್ತು. ಓದಿದವರೆಲ್ಲ ಎದ್ದು ನಿಂತು ನನ್ನ ಮಗನಿಗೆ ಚಪ್ಪಾಳೆ ತಟ್ಟುವುದನ್ನು ಒಂದು ಸಲ ನೋಡಬೇಕಿತ್ತು. ಸುಳ್ಳಿಗಾದರೂ ಸರಿ.

“ನಿಮ್ಮ ಪ್ರೀತಿ,” ಅಂದೆ.

ಅವನು ಹೋದ ಮೇಲೆ ಮಗ ಕೇಳಿದ: “ಅವರಿಗೆ ಗೊತ್ತಾ?”

“ಇಲ್ಲ. ನೀನೂ ಹೇಳ್ಬೇಡ.”

“ನಾನು ಹೋಗ್ಬೇಕಾ?”

“ಹೋಗ್ಬೇಕು.”

“ಸರಿ,” ಅಂದ. ಶಿಬಿರದವರು ಕಲಿಸಿದ ‘ಸರಿ’ ಅದು. ಅದರೊಳಗೆ ಒಪ್ಪಿಗೆಯೂ ಇರುವುದಿಲ್ಲ, ಸಿಟ್ಟೂ ಇರುವುದಿಲ್ಲ.

ಶನಿವಾರ ಮಧ್ಯಾಹ್ನ, ಊರಿನ ಇನ್ನೊಂದು ತುದಿಯ ಸಮುದಾಯ ಭವನ. ಬಾಗಿಲಿಗೆ ಕೆಂಪು ಹಳದಿ ಕಾಗದದ ತೋರಣ. ನಾನು ಬೆಳಿಗ್ಗೆಯೇ ಬಂದು ಬಿಸಿಬೇಳೆಬಾತು ಮಾಡಿ, ಪಾತ್ರೆಗೆ ಕಂಬಳಿ ಸುತ್ತಿ ಇಟ್ಟಿದ್ದೆ. ನಾಡಗೀತೆ ಆಯಿತು, ಭಾಷಣ ಆಯಿತು, ಪುಟ್ಟ ಮಕ್ಕಳು ಡಚ್ ಉಚ್ಚಾರಣೆಯಲ್ಲಿ ಕನ್ನಡ ಪದ್ಯ ಹೇಳಿದರು. ಆಮೇಲೆ ನನ್ನ ಮಗನನ್ನು ವೇದಿಕೆಗೆ ಕರೆದರು. ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಗಂಧದ ಹಾರ, ಕೈಗೊಂದು ಹಣ್ಣಿನ ಬುಟ್ಟಿ. ಅಧ್ಯಕ್ಷ ಮೈಕಿನಲ್ಲಿ ‘ಶಿಸ್ತು’ ಅಂತ ಎಷ್ಟು ಸಲ ಅಂದನೋ. ಪ್ರತಿ ಸಲ ಜನ ತಿರುಗಿ ನನ್ನನ್ನು ನೋಡುತ್ತಿದ್ದರು. ಅಡುಗೆಯ ಏಪ್ರನ್ ಬಿಚ್ಚಿ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ.

ಮಕ್ಕಳು ಕೂಗಿದವು: “ಅಣ್ಣಾ, ಮಾರ್ಚ್ ಮಾಡಿ ತೋರ್ಸಿ!”

ಅಧ್ಯಕ್ಷನಿಗೆ ಹುರುಪು ಬಂತು. “ಮಾಡ್ಲೇಬೇಕು. ಆರ್ಡರ್ ಯಾರು ಕೊಡ್ತಾರೆ ಗೊತ್ತಾ? ಅಪ್ಪಾನೇ! ಬನ್ನಿ ಅಣ್ಣ, ಬನ್ನಿ.”

ಮಗ ವೇದಿಕೆಯಿಂದ ಇಳಿದು ನಡುವೆ ಬಂದು ನಿಂತ. ಹಣ್ಣಿನ ಬುಟ್ಟಿ ಎಲ್ಲಿಡಬೇಕು ಅಂತ ಯಾರೂ ಹೇಳಿರಲಿಲ್ಲ. ಕೈಯಲ್ಲೇ ಇತ್ತು. ನಾನು ಪ್ರೈಮರಿ ಶಾಲೆಯ ಡ್ರಿಲ್ ಮೇಷ್ಟ್ರ ಗಂಟಲಿನಲ್ಲಿ ಕೂಗಿದೆ: “ಸಾವಧಾನ್! ಮಾರ್ಚ್!”

ಹೊರಟ. ಏನು ಹೆಜ್ಜೆ ಅದು! ಮರದ ನೆಲ ಡಂ ಡಂ ಅಂದಿತು. ಗೋಡೆಯವರೆಗೆ ಹೋಗಿ ತಿರುಗಿ ಬಂದ. ಜನ ಚಪ್ಪಾಳೆ ತಟ್ಟಿದರು. ಮತ್ತೆ ಹೋದ, ಮತ್ತೆ ಬಂದ. ಚಪ್ಪಾಳೆ ಸ್ವಲ್ಪ ಇಳಿಯಿತು. ಬುಟ್ಟಿಯಿಂದ ಒಂದು ಕಿತ್ತಳೆ ಉರುಳಿ ಬಿತ್ತು. ಮಕ್ಕಳು ನಕ್ಕವು. ಅವನು ನಿಲ್ಲಲಿಲ್ಲ. ಪೇಟ ಜಾರಿ ಹುಬ್ಬಿನ ಮೇಲೆ ಬಂತು. ಶಾಲು ಒಂದು ಭುಜದಿಂದ ಇಳಿದು ಕಾಲಿಗೆ ತೊಡರಿತು. ದೊಡ್ಡವರೂ ನಕ್ಕರು. ಅವನು ನಿಲ್ಲಲಿಲ್ಲ. ನಿಲ್ಲು ಅಂತ ಯಾರೂ ಹೇಳಿರಲಿಲ್ಲ.

ಆಮೇಲೆ ನಗುವೂ ನಿಂತಿತು. ಹೆಜ್ಜೆಯ ಸದ್ದೊಂದೇ. ನನ್ನ ಮುಂದೆ ಬಂದಾಗಲೆಲ್ಲ ಅವನ ಕಣ್ಣು ನನ್ನ ಬಾಯಿಯನ್ನು ನೋಡುತ್ತಿತ್ತು. ದಾವಣಗೆರೆಯ ಹೋಟೆಲಿನಲ್ಲಿ ಸಾಹುಕಾರರು ಗಿರಾಕಿಗಳ ಮುಂದೆ ನನ್ನ ಕೈಮೇಲೆ ತಟ್ಟೆಯ ಮೇಲೆ ತಟ್ಟೆ ಪೇರಿಸಿ, ‘ನೋಡ್ರಿ ನಮ್ಮ ಹುಡುಗನ್ನ’ ಅಂತ ಮೇಜುಗಳ ನಡುವೆ ಓಡಾಡಿಸುತ್ತಿದ್ದರು. ಸಾಕು ಅನ್ನುವ ತನಕ ನಾನೂ ಹೀಗೇ ಅವರ ಬಾಯಿ ನೋಡುತ್ತಿದ್ದೆ. ಅದನ್ನು ಇಷ್ಟು ವರ್ಷ ಹೆಮ್ಮೆ ಅಂತ ಇಟ್ಟುಕೊಂಡಿದ್ದೆ.

ನಿಲ್ಲು ಅನ್ನಬೇಕಿತ್ತು. ಬಾಯಿ ತೆರೆದೆ. ಮಾತು ಬರಲಿಲ್ಲ.

ಹೆಂಡತಿ ಎದ್ದು ಹೋದಳು. ಹೆಜ್ಜೆಗೆ ಅಡ್ಡ ನಿಂತು ಮಗನ ಎರಡೂ ಕೈ ಹಿಡಿದುಕೊಂಡಳು. ಅವನು ನಿಂತ. ಅವನ ಮೇಲುಸಿರು ಇಡೀ ಭವನಕ್ಕೆ ಕೇಳಿಸುತ್ತಿತ್ತು. ಅವಳು ಪೇಟ ತೆಗೆದು, ಅವನ ಹಣೆಯ ಬೆವರನ್ನು ಸೆರಗಿನಲ್ಲಿ ಒರೆಸಿದಳು. ಕೂಟದಲ್ಲಿ ಯಾವತ್ತೂ ನಾಲ್ಕು ಮಾತು ಜಾಸ್ತಿ ಆಡದವಳು ಜನರ ಕಡೆ ತಿರುಗಿದಳು.

“ಇವ್ನು ಮಿಲಿಟರಿಗೆ ಹೋಗಿರ್ಲಿಲ್ರಿ. ಕಳ್ಳತನ ಮಾಡಿ ಜೈಲಲ್ಲಿದ್ದ. ಅಲ್ಲಿ ಇದನ್ನ ಕಲ್ಸಿದ್ರು. ಬಾತು ಆರ್ತದೆ, ಎಲ್ರೂ ಊಟಕ್ಕೆ ಏಳ್ರಿ.”

ಆಮೇಲೆ ಕುರ್ಚಿಗಳು ಸರಿದವು. ನಾನು ಎಲ್ಲಿಗೆ ಹೋಗಲಿ? ನನ್ನ ಜಾಗ ಬಾತಿನ ಪಾತ್ರೆಯ ಹಿಂದೆ. ಸೌಟು ಹಿಡಿದು ನಿಂತೆ. ಒಬ್ಬೊಬ್ಬರಾಗಿ ತಟ್ಟೆ ಒಡ್ಡಿದರು. ಎಲ್ಲರ ಕಣ್ಣೂ ಸೌಟಿನ ಮೇಲೆ. ‘ಅಣ್ಣಾ, ಇನ್ನೊಂದು ಸೌಟು’ ಅಂತ ಒಬ್ಬರೂ ಅನ್ನಲಿಲ್ಲ. ಅಧ್ಯಕ್ಷ ತಟ್ಟೆ ಹಿಡಿದು, “ಒಂದ್ ಮಾತು ಹೇಳ್ಬಹುದಿತ್ತಲ್ಲ ಅಣ್ಣ,” ಅಂದ. ಸಿಟ್ಟಿನಿಂದ ಅಲ್ಲ. ಅವನ ಮುಖ ನೋಡಿದರೆ ಅವನಿಗೇ ಅವಮಾನ ಆದ ಹಾಗಿತ್ತು. ನಾಚಿಕೆಯಿಂದ ಮೈಯೆಲ್ಲ ಹೇಗೆ ಉರಿಯುತ್ತಿತ್ತೆಂದರೆ, ಬಿಸಿ ಪಾತ್ರೆಯ ಅಂಚು ಮುಂಗೈಗೆ ತಗುಲಿ ಸುಟ್ಟಿದ್ದು ನನಗೆ ಮನೆಗೆ ಹೋದ ಮೇಲೆ ಗೊತ್ತಾಯಿತು.

ಸಾಲಿನ ಕೊನೆಯಲ್ಲಿ ಒಬ್ಬ ಇಂಜಿನಿಯರನ ತಾಯಿ ಬಂದರು. ಮಗನ ಮನೆಗೆಂದು ಕೆಲವು ತಿಂಗಳಿಗೆ ಊರಿಂದ ಬಂದಿದ್ದ ಮುದುಕಿ. “ಖಾರಾಬೂಂದಿ ಇನ್ನೊಂಚೂರು ಹಾಕಪ್ಪ,” ಅಂದರು. ಹಾಕಿದೆ. ಹೋಗಲಿಲ್ಲ, ಅಲ್ಲೇ ನಿಂತರು. “ಆ ಮಗೂಗೆ ಊಟ ಹಾಕಿದ್ಯಾ?”

ಹಾಕಿರಲಿಲ್ಲ. ಊರಿಗೆಲ್ಲ ಬಡಿಸಿ ಆಗಿತ್ತು.

ಸಂಜೆ ಖಾಲಿ ಪಾತ್ರೆಯ ಒಂದು ಕಿವಿ ಅವನು, ಒಂದು ಕಿವಿ ನಾನು ಹಿಡಿದು ಬಸ್ಸಿನಲ್ಲಿ ಬಂದೆವು. ಹೆಂಡತಿ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮಗನನ್ನು ಕೇಳಿದೆ: “ನೀನೇ ನಿಲ್ಲಬಹುದಿತ್ತಲ್ಲೋ.”

“ಕ್ಯಾಂಪಲ್ಲಿ ಹೇಳ್ದೆ ನಿಂತ್ರೆ ಎಲ್ಲರಿಗೂ ಶಿಕ್ಷೆ. ನಿಂತೋನಿಗೆ ಮಾತ್ರ ಇಲ್ಲ. ಅವನು ನಿಂತು ನೋಡ್ಬೇಕು.”

ಅವನೇ ಮುಂದುವರಿಸಿದ. ಅಷ್ಟು ಕನ್ನಡ ಅವನು ಒಟ್ಟಿಗೆ ಆಡಿದ್ದು ಆ ವರ್ಷದಲ್ಲೇ ಮೊದಲು.

“ಅಪ್ಪ, ಆ ಗಾಡಿ ಅಂಗಡೀಲಿ ನಾನು ಏನ್ ಮಾಡ್ದೆ ಗೊತ್ತಾ? ಬಾಗ್ಲು ಹಿಡ್ಕೋ ಅಂದ್ರು. ಹಿಡ್ಕೊಂಡೆ. ಆ ತಾತ ಕೂಗ್ತಿದ್ದ. ಬಿಡು ಅಂತ ಯಾರೂ ಹೇಳ್ಲಿಲ್ಲ. ಹಿಡ್ಕೊಂಡೇ ಇದ್ದೆ.”

ಬಸ್ಸು ನಿಲ್ಲುತ್ತಾ ಹೋಗುತ್ತಾ ಇತ್ತು. ನನ್ನ ಮಗನಿಗೆ ಹೇಳಿದ ಮಾತು ಕೇಳುವುದು ಗೊತ್ತಿಲ್ಲ, ಅದಕ್ಕೇ ಕೆಟ್ಟ ಅಂದುಕೊಂಡಿದ್ದೆ. ಅವನು ಕೆಟ್ಟಿದ್ದೇ ಮಾತು ಕೇಳಿ. ಅದನ್ನೇ ಇನ್ನಷ್ಟು ಚೆನ್ನಾಗಿ ಕಲಿತು ಬರಲಿ ಅಂತ ನಾನು ಸಹಿ ಹಾಕಿಸಿ ಕಳಿಸಿದ್ದೆ.

ಆ ಥರದ ಶಿಬಿರಗಳಿಂದ ಹುಡುಗರು ಸುಧಾರಿಸುತ್ತಾರಾ ಅಂತ ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ, ಅನುಭವಸ್ಥ ಅಂತ. ಅವನ ಜೊತೆ ದಿಮ್ಮಿ ಹೊತ್ತು ಓಡಿದವರಲ್ಲಿ ಕೆಲವರು ಮತ್ತೆ ಒಳಗೆ ಹೋದರು, ಕೆಲವರು ಹೋಗಲಿಲ್ಲ. ನನ್ನ ಮಗ ಹೋಗಲಿಲ್ಲ. ಶಿಬಿರದಿಂದ ಅಂತ ಹೇಳಲು ನನಗೆ ಧೈರ್ಯವಿಲ್ಲ. ನನ್ನಿಂದ ಅಂತ ಹೇಳಲು ಮುಖವಿಲ್ಲ. ಗೊತ್ತಿರುವುದು ಮಾರನೆಯ ದಿನ ಭಾನುವಾರ ಬೆಳಿಗ್ಗೆ ನಡೆದದ್ದಷ್ಟೆ.

ಅವನು ಎದ್ದಿರಲಿಲ್ಲ. ಬೆಳಕು ಹರಿದು, ಎದುರು ಮನೆಯವರು ನಾಯಿ ಕರೆದುಕೊಂಡು ಹೋಗಿ ವಾಪಸು ಬಂದರೂ ಎದ್ದಿರಲಿಲ್ಲ. ನಾನು ಎರಡು ಸಲ ಬಾಗಿಲವರೆಗೆ ಹೋದೆ. “ಮಲ್ಗಿರ್ಲಿ ಬಿಡ್ರಿ,” ಅಂದಳು ಹೆಂಡತಿ.

ಆಗ ಕೆಳಗಿನಿಂದ ಸೀಟಿ ಬಂತು.

ನನ್ನ ಗಂಟಲಲ್ಲಿ ‘ಕೂತ್ಕೋ’ ಸಿದ್ಧವಾಗಿತ್ತು. ಹೆಂಡತಿ ನನ್ನನ್ನು ನೋಡಿದಳು. ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತೆ. ನಿನ್ನೆ ಬೇಕಾದಾಗ ಬಾರದ ಮಾತು ಇವತ್ತೂ ಬರುವುದು ಬೇಡ ಅಂದುಕೊಂಡೆ.

ಎರಡನೇ ಸೀಟಿ. ಮಂಚ ಕಿರುಗುಟ್ಟಿತು. ಬರಿಗಾಲಿನಲ್ಲಿ, ಕಣ್ಣುಜ್ಜಿಕೊಳ್ಳುತ್ತಾ ಅವನು ಕಿಟಕಿಗೆ ಹೋದದ್ದು ತೆರೆದ ಬಾಗಿಲಿನಿಂದ ಕಾಣಿಸಿತು. ಕಿಟಕಿ ತೆಗೆದು ಕೆಳಗೆ ನೋಡಿದ. ಅವನು ನನ್ನ ಕಡೆ ತಿರುಗಲೇ ಇಲ್ಲ. ಡಚ್ಚಿನಲ್ಲಿ ಏನೋ ಕೂಗಿದ, ನಿದ್ದೆ ಮಾಡುತ್ತಿದ್ದೇನೆ, ಹೋಗಿ, ಅನ್ನುವಷ್ಟು. ಕೆಳಗಿನವರು ಏನೋ ಅಂದರು, ನಕ್ಕರು. ಇವನು ಕಿಟಕಿ ಹಾಕಿದ.

ಸಂತೋಷ ಆಗಬೇಕಿತ್ತು. ಆಯಿತು ಕೂಡ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯೇ ಆಯಿತು. ಒಂದು ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ಅಷ್ಟು ಕೆಲಸ ಎಂಟು ವರ್ಷದಲ್ಲಿ ನನ್ನ ಕೈಲಿ ಆಗಿರಲಿಲ್ಲ.

ಅವನು ಮತ್ತೆ ಹಾಸಿಗೆಗೆ ಬಿದ್ದು, ಸುಕ್ಕುಸುಕ್ಕಾದ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡ. ಹೊಸಿಲಲ್ಲಿ ನಿಂತಿದ್ದ ನನ್ನನ್ನು ಆಗ ನೋಡಿದ.

“ಬಾಗ್ಲು ಹಾಕ್ಕೊಂಡು ಹೋಗಪ್ಪ,” ಅಂದ. “ಚಳಿ.”

ಹಾಕಿಕೊಂಡು ಬಂದೆ.